ಫೇ ನದಿಯ ಗೆಲುವಿನಲ್ಲಿ ಹಿಂದೆ ಸರಿದುಹೋದ ಹೆಸರು: ಸೇನಾಪತಿ ಹುವಾನ್ ಯೀ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಪ್ರಾಚೀನ ಚೀನಾದ ಫೇ ನದಿಯ ಕಾಳಗದ ಕುರಿತು ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕ್ರಿ.ಶ. 383ರಲ್ಲಿ ಉತ್ತರದ ಅಪಾರ ಸೈನ್ಯವೊಂದು ದಕ್ಷಿಣದ ಸಣ್ಣ ಸೈನ್ಯದೆದುರು ದಿಕ್ಕಾಪಾಲಾಗಿ ಓಡಿದ ಬಗೆಯನ್ನು ಲೇಖಕರು ಸೊಗಸಾಗಿಯೇ ವಿವರಿಸಿದ್ದಾರೆ. ಆದರೆ ಗೆಲುವಿನ ಕೀರ್ತಿಯನ್ನೆಲ್ಲ ಷಿಯೇ ಮನೆತನದ ಮಂತ್ರಿ ಷಿಯೇ ಆನ್‌ಗೂ ಅವನ ಅಣ್ಣನ ಮಗ ಷಿಯೇ ಷುವಾನ್‌ಗೂ ಒಪ್ಪಿಸಿ, ಅವರ ಜೊತೆಗಿದ್ದ ಹುವಾನ್ ಯೀಯನ್ನು ಕೊಳಲಿನ ಹವ್ಯಾಸವಿದ್ದ ಒಬ್ಬ ಅಧಿಕಾರಿಯೆಂದು ಅರ್ಧ ವಾಕ್ಯದಲ್ಲಿ ದಾಟಿಸಿಬಿಟ್ಟಿರುವುದು ಸರಿಯೆನಿಸಲಿಲ್ಲ. ಹುವಾನ್ ಯೀ ಆ ಕಾಳಗದ ಪ್ರಮುಖ ದಂಡನಾಯಕರಲ್ಲಿ ಒಬ್ಬ. ಅವನ ಸಂಗೀತವಾದರೋ ಹವ್ಯಾಸದ ಮಟ್ಟದ್ದಲ್ಲ. ಅವನ ಸಂಗೀತವನ್ನೂ ಸೇವೆಯನ್ನೂ ಬೇರೆ ಬೇರೆಯಾಗಿ ನೋಡಿದರೆ ಎರಡೂ ಅರ್ಥವಾಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ತಮ್ಮ ಓದುಗರ ಮುಂದಿಡಲು ಸ್ವಲ್ಪ ದೀರ್ಘವಾದ ಈ ಪತ್ರಕ್ಕೆ ಜಾಗ ಕೊಡಬೇಕೆಂದು ಕೋರುತ್ತೇನೆ.

ಟಾಂಗ್ ಅರಸರ ಆಸ್ಥಾನದಲ್ಲಿ 648ರಲ್ಲಿ ಸಿದ್ಧವಾದ ಜಿನ್ ವಂಶದ ಅಧಿಕೃತ ಚರಿತ್ರೆಯಲ್ಲಿ ಹುವಾನ್ ಯೀಯ ಜೀವನವೃತ್ತಾಂತವಿದೆ. ಅದು ಚಿಕ್ಕದು, ಆದರೆ ಸಾರವತ್ತಾದದ್ದು. ಸಂಗೀತದಲ್ಲಿ ಅವನು ತನ್ನ ಕಾಲದ ಎಲ್ಲ ಸೂಕ್ಷ್ಮಗಳನ್ನೂ ಬಲ್ಲವನಾಗಿದ್ದ, ಯಾಂಗ್ಟ್ಸೆ ನದಿಯಾಚೆಯ ದಕ್ಷಿಣ ನಾಡಿನಲ್ಲಿ ಮೊದಲಿಗನಾಗಿದ್ದ ಎಂದು ಚರಿತ್ರಕಾರರು ಹೇಳುತ್ತಾರೆ. ಅದರ ಜೊತೆಗೇ ಅವರು ಇನ್ನೊಂದು ಗುಣವನ್ನೂ ದಾಖಲಿಸಿದ್ದಾರೆ: ಅವನು ಸ್ವಭಾವತಃ ವಿನಯಿ, ಸರಳ, ದೊಡ್ಡ ಗೆಲುವು ದಕ್ಕಿದ ಮೇಲೂ ಆ ಸ್ವಭಾವ ಕೊನೆಯವರೆಗೆ ಬದಲಾಗಲಿಲ್ಲ. ಆಸ್ಥಾನದ ಚರಿತ್ರೆಗಳಲ್ಲಿ ಸೇನಾಪತಿಗಳ ಬಗ್ಗೆ ಇಂಥ ಮಾತು ಅಪರೂಪವಾದ್ದರಿಂದ ಇದನ್ನು ಬರಿಯ ಔಪಚಾರಿಕ ಹೊಗಳಿಕೆಯೆಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ.

ಅವನು ಬದುಕಿದ್ದ ಕಾಲ ನೆಮ್ಮದಿಯದಾಗಿರಲಿಲ್ಲ. 311ರಲ್ಲಿ ಲುವೊಯಾಂಗ್ ನಗರವೂ 316ರಲ್ಲಿ ಚಾಂಗಾನ್ ನಗರವೂ ಅಲೆಮಾರಿ ಮೂಲದ ಷಿಯೊಂಗ್ನು ಜನರ ಪಡೆಗಳ ವಶವಾದ ಮೇಲೆ ಜಿನ್ ಅರಸೊತ್ತಿಗೆ ದಕ್ಷಿಣಕ್ಕೆ ಸರಿದು, ಇಂದು ನಾನ್‌ಜಿಂಗ್ ಇರುವಲ್ಲಿ ಆಗ ಇದ್ದ ಜಿಯಾನ್‌ಕಾಂಗ್ ನಗರದಲ್ಲಿ 317ರಿಂದ ನೆಲೆಯೂರಿತು. ಉತ್ತರದಲ್ಲಿ ಒಂದಾದ ಮೇಲೊಂದು ರಾಜ್ಯ ಎದ್ದು ಬಿದ್ದು, ಕೊನೆಗೆ ಚಿನ್ ರಾಜ್ಯದ ಅರಸ ಫು ಜಿಯಾನ್ 376ರ ಹೊತ್ತಿಗೆ ಅಲ್ಲಿನ ನೆಲವನ್ನೆಲ್ಲ ಒಂದುಗೂಡಿಸಿದ. ಅವನ ಬಲ ಹೆಚ್ಚುತ್ತಾ ಗಡಿಯಲ್ಲಿ ಆತಂಕ ಬೆಳೆದಾಗ, ಗಡಿಯನ್ನು ಕಾಯಬಲ್ಲವರು ಯಾರು ಎಂದು ಜಿನ್ ಆಸ್ಥಾನದಲ್ಲಿ ಚರ್ಚೆಯಾಯಿತು. ಆಗ ಆಯ್ಕೆಯಾದವನು ಹುವಾನ್ ಯೀ. ಅವನನ್ನು ಹುವೈ ನದಿಯ ಸೀಮೆಯಲ್ಲಿದ್ದ ಹುವೈನಾನ್ ಜಿಲ್ಲೆಯ ಆಡಳಿತಾಧಿಕಾರಿಯಾಗಿ ನೇಮಿಸಿದರು. ಮುಂದೆ ಯೂಝೌ ಪ್ರಾಂತದ ಹೊಣೆ ಬಂದಾಗ ಹತ್ತು ವರ್ಷ ಅಲ್ಲಿದ್ದು, ಯುದ್ಧದಿಂದ ಹಾಳುಬಿದ್ದ ಊರುಗಳಲ್ಲಿ ಚದುರಿಹೋಗಿದ್ದ ನಾನಾ ಬಗೆಯ ಜನರನ್ನು ಸಂತೈಸಿ ಅವರ ವಿಶ್ವಾಸವನ್ನು ಗಳಿಸಿದ. ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು. ಸಿಂಹಾಸನದ ಮೇಲೆ ಕಣ್ಣಿಟ್ಟಿದ್ದ ಪ್ರಬಲ ದಂಡನಾಯಕ ಹುವಾನ್ ವೆನ್‌ನ ಊರು ಬೇರೆ, ನಮ್ಮ ಹುವಾನ್ ಯೀಯ ಊರು ಬೇರೆ. ಮನೆತನದ ಹೆಸರು ಒಂದೇ ಇರುವುದರಿಂದ ಇವರಿಬ್ಬರನ್ನು ಬೆರೆಸಬಾರದು.

ಕಾಳಗದ ವಿವರವನ್ನು ತಮ್ಮ ಲೇಖಕರು ಆಗಲೇ ಕೊಟ್ಟಿರುವುದರಿಂದ ಅದನ್ನು ಮತ್ತೆ ಹೇಳುವುದಿಲ್ಲ. ಫು ಜಿಯಾನ್‌ನ ಸೈನ್ಯ 6 ಲಕ್ಷ ಕಾಲಾಳು ಮತ್ತು 2 ಲಕ್ಷ 70 ಸಾವಿರ ಕುದುರೆ ಸವಾರರದ್ದೆಂದು ಹಳೆಯ ಚರಿತ್ರೆಗಳು ಹೇಳುತ್ತವೆ. ಜಿನ್ ಪಡೆ 80 ಸಾವಿರದ್ದು. ನದಿ ದಾಟಿ ಕಾದಲು ಜಾಗ ಬಿಡಿ ಎಂಬ ಜಿನ್ ಪಡೆಯ ಮಾತಿಗೆ ಎದುರಾಳಿ ಒಪ್ಪಿ ದಡದಿಂದ ಸ್ವಲ್ಪ ಹಿಂದೆ ಸರಿಯತೊಡಗಿದಾಗ ಅವನ ಸೈನ್ಯದಲ್ಲಿ ಗೊಂದಲವೆದ್ದಿತು. ಆ ಗಳಿಗೆಯಲ್ಲಿ ನದಿಯನ್ನು ದಾಟಿದ್ದು 8 ಸಾವಿರ ಆಯ್ದ ಯೋಧರು. ಅವರ ಮುಂದಾಳುಗಳಾಗಿ ಚರಿತ್ರೆ ಮೂವರ ಹೆಸರು ಹೇಳುತ್ತದೆ: ಷಿಯೇ ಷುವಾನ್, ಷಿಯೇ ಆನ್‌ನ ಮಗ ಷಿಯೇ ಯಾನ್ ಮತ್ತು ಹುವಾನ್ ಯೀ. ಅಂದರೆ ಅವನು ದಡದ ಮೇಲೆ ನಿಂತು ನೋಡಿದವನಲ್ಲ, ನೀರಿಗಿಳಿದು ದಾಟಿದವನು. ಗೆಲುವಿನ ನಂತರ ಅವನಿಗೆ ಯೊಂಗ್‌ಷಿಯು ಎಂಬ ಸೀಮೆಯ ಸಾಮಂತ ಪದವಿಯೂ ಬಲಸೇನೆಯ ದಂಡನಾಯಕ ಪಟ್ಟವೂ 10 ಲಕ್ಷ ನಾಣ್ಯಗಳ ಬಹುಮಾನವೂ ದೊರೆತವು.

ಆ ಗೆಲುವಿನ ಇನ್ನೊಂದು ಫಲದ ಬಗ್ಗೆ ಲೇಖನದಲ್ಲಿ ಮಾತಿಲ್ಲ. ನನಗೆ ಅದು ಬಹಳ ಮುಖ್ಯವಾಗಿ ಕಾಣುತ್ತದೆ. ಲುವೊಯಾಂಗ್ ಬಿದ್ದಾಗ ಆಸ್ಥಾನದ ವಾದ್ಯಗಳೂ ವಾದಕರೂ ಉತ್ತರದಲ್ಲೇ ಉಳಿದುಹೋಗಿದ್ದರು. ದಕ್ಷಿಣಕ್ಕೆ ಬಂದ ಜಿನ್ ಅರಸರು ಪೂರ್ವಜರ ದೇಗುಲವನ್ನೇನೋ ಕಟ್ಟಿಸಿದರು, ಆದರೆ ಅಲ್ಲಿ ನುಡಿಯಬೇಕಾದ ಕಂಚಿನ ಗಂಟೆಗಳಾಗಲಿ ಕಲ್ಲಿನ ತಾಳಫಲಕಗಳಾಗಲಿ ಅವುಗಳನ್ನು ನುಡಿಸಬಲ್ಲವರಾಗಲಿ ಇರಲಿಲ್ಲ. ವಿಧಿ ಮತ್ತು ಸಂಗೀತ ಎರಡನ್ನೂ ರಾಜ್ಯದ ಬುಡವೆಂದು ಬಗೆದಿದ್ದ ಆ ನಾಗರಿಕತೆಗೆ ಇದು ಸಣ್ಣ ಕೊರತೆಯಲ್ಲ. ದಶಕಗಳ ಕಾಲ ಅಲ್ಲಿಂದಿಲ್ಲಿಂದ ಅಷ್ಟಿಷ್ಟು ಕೂಡಿಸಿಕೊಂಡು ಬಂದರು. ಫು ಜಿಯಾನ್ ಸೋತ ಮೇಲೆ ಅವನ ಕಡೆಯ ಸಂಗೀತಗಾರರಾದ ಯಾಂಗ್ ಷು ಮೊದಲಾದವರು ಜಿನ್ ಆಸ್ಥಾನದ ಕೈಗೆ ಬಂದರು. ಅವರಿಗೆ ಹಳೆಯ ಸಂಗೀತದ ಅಭ್ಯಾಸವಿತ್ತು. ಆಗಲೇ ಸಭಾಂಗಣದ ನಾಲ್ಕು ದಿಕ್ಕಿನಲ್ಲೂ ಲೋಹ ಮತ್ತು ಕಲ್ಲಿನ ವಾದ್ಯಗಳು ಪೂರ್ಣವಾಗಿ ಸಜ್ಜಾದವು ಎಂದು ಜಿನ್ ಚರಿತ್ರೆಯ ಸಂಗೀತಭಾಗ ದಾಖಲಿಸಿದೆ. ಇದರಲ್ಲಿ ಹುವಾನ್ ಯೀಯ ಕೈವಾಡವಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಗಡಿಯನ್ನು ಉಳಿಸಿದ ಕಾಳಗವೇ ನಾಡಿನ ಕಳೆದುಹೋದ ಸಂಗೀತವನ್ನೂ ಮರಳಿಸಿತು, ಆ ಕಾಳಗದ ಮುಂಚೂಣಿಯಲ್ಲಿ ದಕ್ಷಿಣದ ಅತ್ಯುತ್ತಮ ಸಂಗೀತಗಾರನಿದ್ದ ಎಂಬ ಸಂಗತಿಯನ್ನು ಬಿಟ್ಟು ಫೇ ನದಿಯ ಕಥೆ ಹೇಳಿದರೆ ಅದು ಅಪೂರ್ಣ.

ಇನ್ನು ಕೊಳಲಿನ ಮಾತು. ಹುವಾನ್ ಯೀಯ ಬಳಿಯಿದ್ದದ್ದು ಸಾಧಾರಣ ಕೊಳಲಲ್ಲ. ಹಾನ್ ವಂಶದ ಕೊನೆಗಾಲದ ವಿದ್ವಾಂಸ, ಸಂಗೀತಜ್ಞ ತ್ಸಾಯ್ ಯೊಂಗ್, ಈಗಿನ ಷಾವೊಷಿಂಗ್ ಬಳಿಯ ಕೆ ಮಂಟಪದಲ್ಲಿ ತಂಗಿದ್ದಾಗ ಮೇಲೆ ನೋಡಿ, ಸೂರಿಗೆ ಹಾಕಿದ್ದ ಬಿದಿರಿನ ಜಂತೆಯೊಂದರಲ್ಲಿ ಒಳ್ಳೆಯ ನಾದವಿದೆಯೆಂದು ಗುರುತಿಸಿ, ಅದನ್ನು ತೆಗೆಸಿ ಕೊಳಲು ಮಾಡಿಸಿದನಂತೆ. ತ್ಸಾಯ್ ಯೊಂಗ್ ತೀರಿಕೊಂಡದ್ದು 192ರಲ್ಲಿ. ಎರಡು ಶತಮಾನಗಳ ಹತ್ತಿರದ ಆ ಕೊಳಲು ಹುವಾನ್ ಯೀಯ ಕೈಸೇರಿತ್ತು, ಅವನು ಅದನ್ನು ಸದಾ ತಾನೇ ನುಡಿಸುತ್ತಿದ್ದ.

ಅವನ ಹೆಸರು ಇಂದಿಗೂ ಉಳಿದಿರುವುದು ಬಹುಮಟ್ಟಿಗೆ ಒಂದು ಪ್ರಸಂಗದಿಂದ. ಮಹಾನ್ ಲಿಪಿಕಾರ ವಾಂಗ್ ಷಿಝಿಯ ಮಗ ವಾಂಗ್ ಹುಯಿಝಿ ರಾಜಧಾನಿಯ ಕರೆಯ ಮೇಲೆ ದೋಣಿಯಲ್ಲಿ ಬಂದು, ಜಿಯಾನ್‌ಕಾಂಗ್‌ನ ಚಿಂಗ್‌ಷಿ ಎಂಬ ತೊರೆಯ ದಡದಲ್ಲಿ ತಂಗಿದ್ದ. ಆಗ ದಡದ ಮೇಲೆ ಹುವಾನ್ ಯೀಯ ಬಂಡಿ ಹಾದುಹೋಗುತ್ತಿತ್ತು. ಇಬ್ಬರಿಗೂ ಮುಖಪರಿಚಯವಿರಲಿಲ್ಲ. ದೋಣಿಯಲ್ಲಿದ್ದವರೊಬ್ಬರು ಇವನೇ ಹುವಾನ್ ಯೀ ಎಂದು ತೋರಿಸಿದಾಗ, ಹುಯಿಝಿ ಆಳನ್ನು ಕಳುಹಿಸಿ, ನೀವು ಚೆನ್ನಾಗಿ ಕೊಳಲು ನುಡಿಸುತ್ತೀರೆಂದು ಕೇಳಿದ್ದೇನೆ, ನನಗಾಗಿ ಒಮ್ಮೆ ನುಡಿಸಿ ಎಂದು ಹೇಳಿಸಿದ. ಹುವಾನ್ ಯೀ ಆಗಲೇ ಉನ್ನತ ಪದವಿಯಲ್ಲಿದ್ದವನು. ಆದರೂ ಹುಯಿಝಿಯ ಹೆಸರನ್ನು ಕೇಳಿಬಲ್ಲವನಾದ್ದರಿಂದ ಬಂಡಿಯಿಂದ ಇಳಿದು, ಮಡಚುವ ಪೀಠದ ಮೇಲೆ ಕುಳಿತು, ಮೂರು ರಚನೆಗಳನ್ನು ನುಡಿಸಿ, ಮತ್ತೆ ಬಂಡಿಯೇರಿ ಹೊರಟುಹೋದ. ಇಬ್ಬರ ನಡುವೆ ಒಂದೇ ಒಂದು ಮಾತೂ ನಡೆಯಲಿಲ್ಲ.

ಐದನೆಯ ಶತಮಾನದ ಮೊದಲ ಭಾಗದಲ್ಲಿ ಸಂಕಲಿತವಾದ ಪ್ರಸಿದ್ಧ ಪ್ರಸಂಗ ಸಂಗ್ರಹವೊಂದು ಈ ಕಥೆಯನ್ನು ಕಟ್ಟುಪಾಡಿಲ್ಲದೆ ಬದುಕಿದವರ ಅಧ್ಯಾಯದಲ್ಲಿ ಸೇರಿಸಿದೆ. ಅದರಿಂದಾಗಿ ಓದುಗರ ಮೆಚ್ಚುಗೆ ಸಾಮಾನ್ಯವಾಗಿ ಹುಯಿಝಿಯ ಕಡೆಗೇ ಹೋಗುತ್ತದೆ. ಹಿಮದ ರಾತ್ರಿಯಲ್ಲಿ ಗೆಳೆಯನನ್ನು ನೋಡಲು ದೋಣಿಯಲ್ಲಿ ಹೋಗಿ, ಬಾಗಿಲವರೆಗೆ ತಲುಪಿ, ಒಳಗೆ ಕಾಲಿಡದೆ ಹಿಂದಿರುಗಿದವನೂ ಅವನೇ ಅಲ್ಲವೇ. ನಾನು ಮಾತ್ರ ಇಲ್ಲಿ ಹುವಾನ್ ಯೀಯನ್ನೇ ಮೆಚ್ಚುತ್ತೇನೆ. ದಾರಿಯಲ್ಲಿ ಅಪರಿಚಿತನೊಬ್ಬ ಆಳಿನ ಮೂಲಕ ಹೇಳಿಕಳಿಸಿದ್ದನ್ನು ಅವಮಾನವೆಂದು ತಿಳಿಯಲು ಒಬ್ಬ ಸೇನಾಪತಿಗೆ ಎಲ್ಲ ಕಾರಣವೂ ಇತ್ತು. ಅವನು ಅದನ್ನು ಕೇಳುಗನ ಕೋರಿಕೆಯೆಂದಷ್ಟೇ ಸ್ವೀಕರಿಸಿದ, ಸಂಗೀತ ಮುಗಿದ ಮೇಲೆ ಅದಕ್ಕೆ ಪ್ರತಿಯಾಗಿ ಪರಿಚಯವನ್ನಾಗಲಿ ಹೊಗಳಿಕೆಯನ್ನಾಗಲಿ ಬಯಸಲಿಲ್ಲ. ನಾನ್‌ಜಿಂಗ್‌ನಲ್ಲಿ ಆ ತಾಣದ ನೆನಪು ಸ್ಥಳನಾಮವಾಗಿ ಉಳಿದುಬಂದಿದೆ.

ಮೂರು ಬಾರಿ ಮರಳುವ ಪ್ಲಮ್ ಹೂವಿನ ರಚನೆಯೆಂದು ಹೆಸರಾದ, ಏಳು ತಂತಿಯ ಚಿನ್ ವಾದ್ಯದಲ್ಲಿ ಇಂದಿಗೂ ನುಡಿಸುವ ಕೃತಿಯೊಂದಕ್ಕೂ ಈ ಪ್ರಸಂಗಕ್ಕೂ ಗಂಟುಹಾಕಲಾಗಿದೆ. 1425ರಲ್ಲಿ ಮಿಂಗ್ ರಾಜಕುಮಾರ ಝು ಚುವಾನ್ ಸಿದ್ಧಪಡಿಸಿದ ಸ್ವರಲಿಪಿಗಳ ಸಂಗ್ರಹದಲ್ಲಿ ಈ ಕೃತಿ ಇದೆ. ಹುವಾನ್ ಯೀ ಅಂದು ನುಡಿಸಿದ ಕೊಳಲಿನ ರಚನೆಯನ್ನೇ ಮುಂದೆ ಚಿನ್ ವಾದ್ಯಕ್ಕೆ ಅಳವಡಿಸಿದರೆಂದು ಅಲ್ಲಿನ ಪೀಠಿಕೆ ಹೇಳುತ್ತದೆ. ತಂತಿಯನ್ನು ಒತ್ತದೆ ಬೆರಳಿನಿಂದ ಸೋಕಿಸಿ ಮಾತ್ರ ಹೊರಡಿಸುವ ತಿಳಿನಾದದಲ್ಲಿ ಒಂದೇ ರಾಗಭಾಗ ತಂತಿಯ ಬೇರೆ ಬೇರೆ ಸ್ಥಾನಗಳಲ್ಲಿ ಮೂರು ಸಲ ಬರುವುದು ಅದರ ವಿಶೇಷ. ಕೇಳಲು ಬಲು ಸೊಗಸಾದ ಕೃತಿ. ಆದರೆ ಹುವಾನ್ ಯೀಯ ಕಾಲಕ್ಕೂ ಆ ಸ್ವರಲಿಪಿಗೂ ನಡುವೆ ಸಾವಿರ ವರ್ಷಗಳ ಅಂತರವಿದೆ, ಹಳೆಯ ಆಕರಗಳು ಮೂರು ರಚನೆಗಳೆಂದು ಹೇಳುತ್ತವೆಯೇ ಹೊರತು ಅವು ಯಾವುವೆಂದು ಹೇಳುವುದಿಲ್ಲ. ಆದ್ದರಿಂದ ಆ ಕೃತಿಯನ್ನು ಹುವಾನ್ ಯೀಯ ಸ್ಮರಣೆಯೆಂದು ಕೇಳಬಹುದು. ಅವನ ರಚನೆಯೆಂದು ಖಚಿತವಾಗಿ ಬರೆಯಬಾರದು.

ಅವನ ಬದುಕಿನ ಅತ್ಯಂತ ಮಹತ್ವದ ಸಂಗೀತ ಪ್ರಸಂಗ ಇದಲ್ಲ, ಅರಮನೆಯ ಔತಣಕೂಟದಲ್ಲಿ ನಡೆದದ್ದು. ಷಿಯೇ ಆನ್‌ಗೆ ತನ್ನ ಅಳಿಯ ವಾಂಗ್ ಗುವೊಬಾವ್‌ನ ನಡತೆ ಹಿಡಿಸದೆ ಅವನನ್ನು ದೂರವಿಟ್ಟಿದ್ದ. ಆ ಸಿಟ್ಟಿಗೆ ಅಳಿಯ ಚಕ್ರವರ್ತಿ ಷಿಯಾವೊವುವಿನ ಕಿವಿಯಲ್ಲಿ ಚಾಡಿ ಹೇಳುತ್ತಾ ಬಂದ. ಷಿಯೇ ಆನ್‌ನ ಕೀರ್ತಿ ತುತ್ತತುದಿಗೇರಿದ್ದ ಕಾಲವೂ ಅದೇ. ಕೀರ್ತಿ ಹೆಚ್ಚಿದಷ್ಟೂ ಅನುಮಾನಕ್ಕೆ ಮೇವು ಸಿಗುತ್ತಿತ್ತು. ಅರಸನಿಗೂ ಮಂತ್ರಿಗೂ ನಡುವೆ ಬಿರುಕು ಬಿಟ್ಟಿತ್ತು. ಹೀಗಿರುವಾಗ ಒಂದು ದಿನ ಚಕ್ರವರ್ತಿ ಹುವಾನ್ ಯೀಯನ್ನು ಔತಣಕ್ಕೆ ಕರೆದ. ಷಿಯೇ ಆನ್ ಕೂಡ ಜೊತೆಯಲ್ಲಿ ಕುಳಿತಿದ್ದ. ಕೊಳಲು ನುಡಿಸೆಂದು ಅಪ್ಪಣೆಯಾಯಿತು. ಹುವಾನ್ ಯೀ ಮುಖದಲ್ಲಿ ಯಾವ ಬೇಸರವನ್ನೂ ತೋರದೆ ಒಂದು ರಚನೆಯನ್ನು ನುಡಿಸಿ, ಕೊಳಲನ್ನು ಕೆಳಗಿಟ್ಟು, ಝೆಂಗ್ ತಂತಿವಾದ್ಯದಲ್ಲಿ ನನ್ನ ಕೈ ಕೊಳಲಿನಷ್ಟು ಪಳಗಿಲ್ಲವಾದರೂ ಹಾಡಿಗೆ ಜೊತೆಗೂಡುವಷ್ಟು ಬರುತ್ತದೆ, ಝೆಂಗ್ ನುಡಿಸುತ್ತಾ ಹಾಡಲು ಅನುಮತಿ ಬೇಕು, ಕೊಳಲಿಗೆ ಒಬ್ಬರು ಬೇಕು ಎಂದು ವಿನಂತಿಸಿದ. ಚಕ್ರವರ್ತಿ ಸಂತೋಷದಿಂದ ಅರಮನೆಯ ವಾದಕಿಗೆ ಕೊಳಲು ನುಡಿಸಲು ಹೇಳಿದ. ಆಗ ಹುವಾನ್ ಯೀ ಅರಮನೆಯವರು ನನ್ನೊಡನೆ ಹೊಂದಿಕೊಳ್ಳಲಾರರು, ನನ್ನ ಜೊತೆ ನುಡಿಸಿ ಪಳಗಿದ ಒಬ್ಬ ಆಳಿದ್ದಾನೆ ಎಂದ. ಚಕ್ರವರ್ತಿ ಅವನ ನೇರ ನುಡಿಗೆ ಮೆಚ್ಚಿ ಆ ಆಳನ್ನು ಕರೆಸಲು ಒಪ್ಪಿದ.

ಈ ವಿವರವನ್ನು ಸಂಗೀತ ಬಲ್ಲವರು ಅಲಕ್ಷಿಸಬಾರದು. ಚಕ್ರವರ್ತಿ ತಾನಾಗಿ ಒದಗಿಸಿದ ಪಕ್ಕವಾದ್ಯವನ್ನು ಬೇಡವೆಂದು, ಹೆಸರೂ ದಾಖಲಾಗದ ಒಬ್ಬ ಮನೆಯಾಳನ್ನು ಸಿಂಹಾಸನದ ಮುಂದೆ ಕೂರಿಸಿಕೊಳ್ಳುವುದು ಅಲಂಕಾರಕ್ಕೆ ಸಂಗೀತ ಕಲಿತವರಿಂದ ಆಗುವ ಕೆಲಸವಲ್ಲ. ಹಾಡಬೇಕಾದ ಹಾಡು ಯಾವುದೆಂದು ಅವನಿಗೆ ಮೊದಲೇ ಗೊತ್ತಿತ್ತು. ಅದರಲ್ಲಿ ಒಂದು ಎಳೆಯೂ ತಪ್ಪಬಾರದಿತ್ತು.

ಆಳು ಕೊಳಲೂದಿದ. ಹುವಾನ್ ಯೀ ಝೆಂಗ್ ಮೀಟುತ್ತಾ ಕವಿ ತ್ಸಾವ್ ಝಿಯದ್ದೆಂದು ಪರಂಪರೆ ಹೇಳುವ ಅಳಲಿನ ಹಾಡೊಂದನ್ನು ಎತ್ತಿಕೊಂಡ. ಅದರ ಭಾವ ಹೀಗಿದೆ: ಅರಸನಾಗಿ ನಡೆಯುವುದು ಸುಲಭವಲ್ಲ, ಅರಸನ ಸೇವಕನಾಗಿ ನಡೆಯುವುದಂತೂ ನಿಜಕ್ಕೂ ಕಷ್ಟ, ನಿಷ್ಠೆ ಕಣ್ಣಿಗೆ ಬೀಳದೆ ಹೋದಾಗ ಸಂಶಯಕ್ಕೆ ಗುರಿಯಾಗುವ ಸಂಕಟ ಒದಗುತ್ತದೆ. ಮುಂದೆ ಹಾಡು ಝೌ ವಂಶದ ದಾನ್ ಎಂಬ ಮಹನೀಯನನ್ನು ನೆನೆಯುತ್ತದೆ. ಅಣ್ಣನಾದ ಅರಸ ಕಾಯಿಲೆ ಬಿದ್ದಾಗ ಅವನ ಬದಲು ನನ್ನ ಪ್ರಾಣವನ್ನು ತೆಗೆದುಕೊಳ್ಳಿ ಎಂದು ದಾನ್ ಪೂರ್ವಜರನ್ನು ಬೇಡಿಕೊಂಡಿದ್ದ. ಆ ಬೇಡಿಕೆಯ ಬರಹವನ್ನು ಲೋಹದ ಕಟ್ಟು ಹಾಕಿದ ಪೆಟ್ಟಿಗೆಯಲ್ಲಿ ಭದ್ರಪಡಿಸಿದ್ದರು. ಅರಸ ತೀರಿಕೊಂಡು ಅವನ ಎಳೆಯ ಮಗ ಪಟ್ಟಕ್ಕೆ ಬಂದಾಗ ದಾನ್ ರಾಜ್ಯವನ್ನು ನಡೆಸಿಕೊಟ್ಟ, ಆದರೆ ಸ್ವಂತ ಸೋದರರಿಬ್ಬರೇ ಅವನು ಸಿಂಹಾಸನವನ್ನು ಕಬಳಿಸುವನೆಂದು ಸುಳ್ಳು ಹಬ್ಬಿಸಿದರು. ಕೊನೆಗೆ ಆ ಪೆಟ್ಟಿಗೆಯನ್ನು ತೆರೆದಾಗಲೇ ಎಳೆಯ ಅರಸನಿಗೆ ಸತ್ಯ ತಿಳಿದದ್ದು. ಈ ಕಥೆ ಆ ಸಭೆಯಲ್ಲಿದ್ದ ಪ್ರತಿಯೊಬ್ಬರಿಗೂ ತಿಳಿದಿತ್ತಾದ್ದರಿಂದ ಯಾರನ್ನೂ ಹೆಸರಿಸುವ ಅಗತ್ಯವಿರಲಿಲ್ಲ.

ಹಾಡು ಕೇಳುತ್ತಾ ಷಿಯೇ ಆನ್‌ನ ಕಣ್ಣೀರು ಧಾರೆಯಾಗಿ ಹರಿದು ಉಡುಪನ್ನು ತೋಯಿಸಿತು. ಅವನು ತನ್ನ ಆಸನವನ್ನು ಬಿಟ್ಟೆದ್ದು ಹುವಾನ್ ಯೀಯ ಬಳಿಗೆ ಹೋಗಿ, ಅವನ ಗಡ್ಡವನ್ನು ನೇವರಿಸಿ, ಇದರಲ್ಲಿ ನೀವು ಅಸಾಧಾರಣರು ಎಂದ. ಚಕ್ರವರ್ತಿಯ ಮುಖದಲ್ಲಿ ನಾಚಿಕೆ ಕಾಣಿಸಿತು ಎಂದು ಚರಿತ್ರೆ ಹೇಳುತ್ತದೆ. ಮನವಿಪತ್ರ ಬರೆದು ಮಂತ್ರಿಯ ಪರವಾಗಿ ವಾದಿಸಿದ್ದರೆ ಹುವಾನ್ ಯೀ ಅವನ ಗುಂಪಿನವನೆಂದು ಗುರುತಾಗುತ್ತಿದ್ದ, ಚಾಡಿಕೋರರಿಗೆ ಅದೇ ಇನ್ನೊಂದು ಆಯುಧವಾಗುತ್ತಿತ್ತು. ಅರಸನ ಮುಖಕ್ಕೆ ಹೇಳಲಾಗದ ಸತ್ಯವನ್ನು ಅರಸನೇ ಕೇಳಿಸಿಕೊಳ್ಳಲು ಕುಳಿತ ಹೊತ್ತಿನಲ್ಲಿ ಹಾಡಿ ತಿಳಿಸಿದ್ದು ಫೇ ನದಿಯನ್ನು ದಾಟಿದ್ದಕ್ಕಿಂತ ಕಡಿಮೆ ಧೈರ್ಯದ ಕೆಲಸವೆಂದು ನನಗನ್ನಿಸುವುದಿಲ್ಲ. ಷಿಯೇ ಆನ್ 385ರಲ್ಲಿ ತೀರಿಕೊಂಡ. ಹುವಾನ್ ಯೀಯ ಬಗ್ಗೆ ಅವನಾಡಿದ ಇನ್ನೊಂದು ಮಾತೂ ಉಳಿದುಬಂದಿದೆ. ಪಕ್ಕವಾದ್ಯವಿಲ್ಲದ ಬರಿಯ ಹಾಡು ಕಿವಿಗೆ ಬಿದ್ದಾಗಲೆಲ್ಲ ಹುವಾನ್ ಯೀ ತಡೆಯಲಾರದೆ ಅಯ್ಯೋ, ಏನು ಮಾಡಲಿ ಎಂದು ಉದ್ಗರಿಸುತ್ತಿದ್ದನಂತೆ. ಅದನ್ನು ಕೇಳಿದ ಷಿಯೇ ಆನ್, ಇವನದು ಒಮ್ಮೆ ಹರಿಯತೊಡಗಿದರೆ ಆಳಕ್ಕೇ ಇಳಿಯುವ ಭಾವ ಎಂದಿದ್ದ.

ಭಾವುಕನೆಂದ ಮಾತ್ರಕ್ಕೆ ಆಡಳಿತದಲ್ಲಿ ಸಡಿಲನೆಂದು ತಿಳಿಯಬಾರದು. 384ರಲ್ಲಿ ಹುವಾನ್ ವೆನ್‌ನ ತಮ್ಮನಾದ ದಂಡನಾಯಕ ಹುವಾನ್ ಚುಂಗ್ ತೀರಿಕೊಂಡ ಮೇಲೆ ಹುವಾನ್ ಯೀಗೆ ಜಿಯಾಂಗ್‌ಝೌ ಪ್ರಾಂತದ ಹೊಣೆ ಬಂತು. ಅಲ್ಲಿ ಗಡಿಯ ಭಯ ಕಳೆದಿತ್ತು, ಆದರೆ ವರ್ಷಗಟ್ಟಲೆ ಬೆಳೆ ಕೈಕೊಟ್ಟು ಪ್ರಾಂತ ಬಡವಾಗಿತ್ತು. ಈಗ ಬೇಕಾಗಿರುವುದು ಜನರಿಗೆ ಬಿಡುವು ಎಂದು ಅವನು ನಿರ್ಧರಿಸಿದ. ಪ್ರಾಂತದಲ್ಲಿ ಉಳಿದಿರುವುದು 56 ಸಾವಿರ ಕುಟುಂಬಗಳು, ಆದ್ದರಿಂದ ಸಣ್ಣ ತಾಲ್ಲೂಕುಗಳನ್ನು ಒಂದುಗೂಡಿಸಬೇಕು, ಜಿಲ್ಲೆಗಳ ಮೇಲಿರುವ ಅಕ್ಕಿಯ ಬಾಕಿಯನ್ನು ಮನ್ನಾ ಮಾಡಬೇಕು, ಪ್ರಾಂತದ ಕೇಂದ್ರವನ್ನು ಷುನ್‌ಯಾಂಗ್‌ಗೆ, ಅಂದರೆ ಇಂದಿನ ಜಿಯುಜಿಯಾಂಗ್ ಸೀಮೆಗೆ, ಮರಳಿ ತರಬೇಕು ಎಂದು ಆಸ್ಥಾನಕ್ಕೆ ಬರೆದ. ಆಸ್ಥಾನ ಒಪ್ಪಿತು. ಯುದ್ಧದಲ್ಲಿ ಗೆದ್ದ ಸೇನಾಪತಿಗಳು ಆಸ್ಥಾನವನ್ನು ಏನೇನು ಕೇಳುತ್ತಿದ್ದರೆಂಬುದನ್ನು ಚೀನಾದ ಚರಿತ್ರೆಯಲ್ಲಿ ಓದಿದವರಿಗೆ ಮನೆಗಳ ಲೆಕ್ಕ ಹಿಡಿದು ಬಾಕಿ ಮನ್ನಾ ಕೇಳಿದ ಈ ಪತ್ರದ ಬೆಲೆ ತಿಳಿಯುತ್ತದೆ. ಮುಂದೆ ಅವನನ್ನು ರಾಜಧಾನಿಗೆ ಕರೆಸಿಕೊಂಡು ರಕ್ಷಣಾ ಪಡೆಯ ದಂಡನಾಯಕನನ್ನಾಗಿ ಮಾಡಿದರು. ಆ ಹುದ್ದೆಯಲ್ಲಿದ್ದಾಗಲೇ ಅವನು ಕಣ್ಣು ಮುಚ್ಚಿದ.

ಅವನು ತೀರಿಕೊಂಡ ಮೇಲಷ್ಟೇ ಒಪ್ಪಿಸಬೇಕೆಂದು ಮೊದಲೇ ಬರೆದಿಟ್ಟಿದ್ದ ಮನವಿಯೊಂದು ಆಗ ಆಸ್ಥಾನದ ಕೈಸೇರಿತು. ಹುವೈನಾನ್‌ನ ಗೆಲುವಿನಲ್ಲಿ, ಅಂದರೆ ಫೇ ನದಿಯ ಕಾಳಗದಲ್ಲಿ, ಶತ್ರುಗಳು ಓಡಿಹೋದಾಗ ಅವರ ಆಯುಧಗಳೂ ಕವಚಗಳೂ ಎಲ್ಲೆಂದರಲ್ಲಿ ಚೆಲ್ಲಿಬಿದ್ದಿದ್ದವು, ಮುರಿದು ಹರಿದದ್ದನ್ನು ಆಗ ಆಯ್ದುಕೊಂಡೆ, ಒಂದಕ್ಕೊಂದು ಜೋಡಿಸಿ ಕಟ್ಟಲೂ ಬಾರದ ಸ್ಥಿತಿಯಲ್ಲಿದ್ದವು, ವರ್ಷದಿಂದ ವರ್ಷಕ್ಕೆ ದುರಸ್ತಿ ಮಾಡಿಸುತ್ತಾ ಬಂದು ಈಗ ಎಲ್ಲವೂ ಸರಿಯಾಗಿವೆ ಎಂದು ಅದರಲ್ಲಿ ಬರೆದಿದ್ದ. ಮುದಿತನವನ್ನು ಲೆಕ್ಕಿಸದೆ ಇನ್ನೂ ಸೇವೆ ಸಲ್ಲಿಸುವ ಆಸೆಯಿತ್ತು, ಅದು ಇಲ್ಲಿಗೆ ಮುಗಿಯಿತು, ಆ ಕೊರಗನ್ನು ಮಣ್ಣಿಗೆ ಒಯ್ಯುತ್ತಿದ್ದೇನೆ ಎಂದೂ ಹೇಳಿಕೊಂಡಿದ್ದ. ಕೊನೆಯಲ್ಲಿ ಲೆಕ್ಕವಿತ್ತು: ಕುದುರೆಗಳಿಗೆ 100 ಕವಚ, ಕಾಲಾಳುಗಳಿಗೆ 500 ಕವಚ, ಎಲ್ಲವೂ ಷುನ್‌ಯಾಂಗ್‌ನಲ್ಲಿವೆ, ಸಂಬಂಧಪಟ್ಟ ಅಧಿಕಾರಿಗಳಿಗೆ ಹೇಳಿ ತೆಗೆದುಕೊಳ್ಳಬೇಕು. ಚಕ್ರವರ್ತಿಯ ಆಜ್ಞೆ ಅವನ ನಿಷ್ಠೆಯ ಬಯಕೆ ಈಡೇರದೆ ಹೋದದ್ದಕ್ಕೆ ಮರುಗಿ, ಕವಚಗಳನ್ನು ಸ್ವೀಕರಿಸಿತು. ಮರಣಾನಂತರ ಅವನಿಗೆ ಬಲದಂಡನಾಯಕನ ಗೌರವವನ್ನು ಕೊಡಲಾಯಿತು.

ತಮ್ಮ ವಿಶ್ವಾಸಿ,
ಇತಿಹಾಸದ ಒಬ್ಬ ನಿವೃತ್ತ ಅಧ್ಯಾಪಕ,
ಧಾರವಾಡ